ಬೇರೆ ಶೈಲಿಯ ಕೇಳುಗರಿಗೆ ಹಾಡು ಸೂಚಿಸುವುದು ಹೇಗೆ?

ಈ ಪ್ರಶ್ನೆ ಎರಡು ರೂಪದಲ್ಲಿ ಮತ್ತೆ ಮತ್ತೆ ಬರುತ್ತದೆ. ಒಂದು: "ನಾನು ಕೇಳುವುದು ಬರೀ ಶಾಸ್ತ್ರೀಯ. ಆನ್‌ಲೈನ್‌ನಲ್ಲಿ ಪರಿಚಯವಾದವರೊಬ್ಬರು ಮೆಟಲ್ ಬಿಟ್ಟು ಬೇರೇನೂ ಕೇಳುವುದಿಲ್ಲ. ಅವರಿಗೆ ಏನು ಕಳಿಸಲಿ?" ಇನ್ನೊಂದು: "ಎಷ್ಟು ಹಾಡು ಕಳಿಸಿದರೂ ಯಾರೂ ಕೇಳುವುದೇ ಇಲ್ಲ, ಯಾಕೆ?" ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಎರಡನೆಯದು ಮುಕ್ಕಾಲು ಪಾಲು ಬಗೆಹರಿದ ಹಾಗೆ. ಹಾಡು ಚೆನ್ನಾಗಿಲ್ಲ ಅಂತ ಜನ ಕೈಬಿಡುವುದು ಕಡಿಮೆ. ಇದನ್ನು ನನಗೇ ಯಾಕೆ ಕಳಿಸಿದರು ಅನ್ನುವುದು ತಿಳಿಯದೆ ಕೈಬಿಡುತ್ತಾರೆ.

ಒಂದೇ ಶೈಲಿಯವರ ನಡುವೆ ಈ ತಾಪತ್ರಯವಿಲ್ಲ. ಕಲಾವಿದರ ಹೆಸರು ಹೇಳಿದರೆ ಸಾಕು, ಮಿಕ್ಕಿದ್ದು ಅವರಿಗೇ ಗೊತ್ತು. ಶೈಲಿ ದಾಟಿಸುವಾಗ ಮಾತ್ರ ಸ್ವಲ್ಪ ಕೆಲಸ ಮಾಡಬೇಕಾಗುತ್ತದೆ. ಆ ಕೆಲಸ ಏನು ಅಂತ ಕೆಳಗೆ ಬರೆದಿದ್ದೇನೆ.

ಏನೇನು ಬೇಕು

ಯಾವುದಾದರೂ ಒಂದು ಸ್ಟ್ರೀಮಿಂಗ್ ಖಾತೆ. ಉಚಿತದ್ದಾದರೂ ನಡೆಯುತ್ತದೆ. ಒಂದು ಸಾಧಾರಣ ಇಯರ್‌ಫೋನ್. ಬರೆದಿಟ್ಟುಕೊಳ್ಳಲು ಫೋನಿನ ನೋಟ್ಸ್ ಅಥವಾ ಒಂದು ಪುಸ್ತಕ. ವಾರಕ್ಕೆ ಒಂದು ಗಂಟೆ ಬಿಡುವು. ಸಂಗೀತ ಕಲಿತಿರಬೇಕು ಅಂತೇನಿಲ್ಲ. ಆದರೆ ಕಿವಿಗೆ ಬಿದ್ದದ್ದನ್ನು ಮಾತಿನಲ್ಲಿ ಹೇಳುವ ಅಭ್ಯಾಸ ಬೇಕು. ಅದು ನಾಲ್ಕಾರು ಸಲ ಬರೆದರೆ ಬರುತ್ತದೆ.

ಹಂತ 1: ನೀವು ಯಾವುದಕ್ಕೆ ಕಾಯುತ್ತೀರಿ ಅಂತ ಬರೆಯಿರಿ

ನೀವು ತಿರುಗಿ ತಿರುಗಿ ಹಾಕಿಕೊಳ್ಳುವ ಐದು ಹಾಡು ಆರಿಸಿ. ಪ್ರತಿಯೊಂದರ ಮುಂದೆ ಶೈಲಿಯ ಹೆಸರು ಬರೆಯಬೇಡಿ. ಆ ಹಾಡಿನಲ್ಲಿ ನೀವು ಯಾವ ಜಾಗಕ್ಕೆ ಕಾಯುತ್ತೀರಿ ಅನ್ನುವುದನ್ನು ಬರೆಯಿರಿ. ದನಿ ಒಡೆಯುವ ಜಾಗವೇ? ತಾಳ ತಪ್ಪಿತು ಅನ್ನುವಷ್ಟರಲ್ಲಿ ಸಮಕ್ಕೆ, ಅಂದರೆ ತಾಳದ ಮೊದಲ ಎಣಿಕೆಗೆ, ಬಂದು ಬೀಳುವುದೇ? ಸಾಹಿತ್ಯದ ಒಂದು ಸಾಲೇ? ಎಲ್ಲ ವಾದ್ಯ ನಿಂತು ಒಂದೇ ಉಳಿಯುವ ಕ್ಷಣವೇ?

ಐದರಲ್ಲಿ ಮೂರಕ್ಕೆ ಒಂದೇ ರೀತಿಯ ಉತ್ತರ ಬಂದರೆ ಆಶ್ಚರ್ಯಪಡಬೇಡಿ. ಸಾಮಾನ್ಯವಾಗಿ ಹಾಗೇ ಆಗುತ್ತದೆ. ಅದೇ ನಿಮ್ಮ ರುಚಿ, ಶೈಲಿಯ ಹೆಸರು ಅದರ ಮೇಲೆ ಅಂಟಿಸಿದ ಚೀಟಿ ಅಷ್ಟೆ.

ನಿಮ್ಮ ನೆನಪಿನ ಮೇಲೆ ನಂಬಿಕೆ ಇಲ್ಲದಿದ್ದರೆ ಸ್ಕ್ರಾಬ್ಲಿಂಗ್ ಬಳಸಬಹುದು. ಅಂದರೆ, ನೀವು ಕೇಳಿದ ಪ್ರತಿ ಹಾಡನ್ನೂ ತಾನಾಗಿಯೇ ದಾಖಲಿಸುವ ಏರ್ಪಾಡು. ಲಾಸ್ಟ್ ಎಫ್‌ಎಂ 2002ರಲ್ಲಿ ಶುರುವಾದದ್ದು, ಈಗಲೂ ಈ ಕೆಲಸ ಮಾಡುತ್ತದೆ. ನಾವು ಕೇಳುತ್ತೇವೆ ಅಂದುಕೊಂಡದ್ದಕ್ಕೂ ನಿಜವಾಗಿ ಕೇಳಿದ್ದಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ ಅಲ್ಲಿ ಕಾಣುತ್ತದೆ. ಒಂದು ಎಚ್ಚರಿಕೆ: ಆ ಪುಟ ಸಾಮಾನ್ಯವಾಗಿ ಎಲ್ಲರಿಗೂ ಕಾಣುತ್ತದೆ. ನೀವು ಎಷ್ಟು ಹೊತ್ತಿಗೆ ಏನು ಕೇಳಿದಿರಿ ಅನ್ನುವುದೂ ಸೇರಿ. ನಿಜ ಹೆಸರು ಹಾಕುವ ಮುಂಚೆ ಸೆಟ್ಟಿಂಗ್ಸ್ ಒಮ್ಮೆ ನೋಡಿಕೊಳ್ಳಿ.

ಹಂತ 2: ಎದುರಿನವರನ್ನು ಸರಿಯಾಗಿ ಕೇಳಿ

"ನಿಮಗೆ ಎಂಥ ಹಾಡು ಇಷ್ಟ?" ಅಂದರೆ "ಎಲ್ಲಾ ತರದ್ದೂ" ಅನ್ನುವ ಉತ್ತರ ಬರುತ್ತದೆ. ಅದರಿಂದ ಏನೂ ಉಪಯೋಗವಿಲ್ಲ. ಬದಲಿಗೆ ಇವನ್ನು ಕೇಳಿ: ಇತ್ತೀಚೆಗೆ ಮತ್ತೆ ಮತ್ತೆ ಹಾಕಿಕೊಂಡ ಒಂದು ಹಾಡು ಯಾವುದು, ಅದರ ಯಾವ ಜಾಗ? ಯಾವ ಶಬ್ದ ಸಹಿಸಲು ಆಗುವುದೇ ಇಲ್ಲ? ಸಾಹಿತ್ಯ ಅರ್ಥವಾಗಲೇಬೇಕಾ? ಹತ್ತು ನಿಮಿಷದ ಹಾಡು ಕೇಳುವ ತಾಳ್ಮೆ ಇದೆಯಾ?

ಇನ್ನೊಂದು ಪ್ರಶ್ನೆಯನ್ನು ಬಹಳ ಜನ ಮರೆಯುತ್ತಾರೆ. ಎಲ್ಲಿ, ಯಾವುದರಲ್ಲಿ ಕೇಳುತ್ತೀರಿ? ಇದು ಸಣ್ಣ ವಿಷಯ ಅಲ್ಲ. ಬಾಸ್ ಗಿಟಾರಿನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ. ಫೋನಿನ ಪುಟ್ಟ ಸ್ಪೀಕರ್‌ಗೆ ಅಷ್ಟು ಕೆಳಗೆ ಇಳಿಯುವ ಶಕ್ತಿಯೇ ಇಲ್ಲ. ಡಬ್ ಅನ್ನುವ ಶೈಲಿ ತೆಗೆದುಕೊಳ್ಳಿ. ಜಮೈಕಾದಲ್ಲಿ ಕಿಂಗ್ ಟಬ್ಬಿಯಂಥವರು 1970ರ ದಶಕದಲ್ಲಿ ರೆಗ್ಗೆ ಹಾಡುಗಳಿಂದ ದನಿಯ ಬಹುಪಾಲು ಕಳೆದು, ಬಾಸ್ ಮತ್ತು ಡ್ರಮ್ಸ್ ಮುಂದೆ ತಂದು, ಪ್ರತಿಧ್ವನಿ ಸೇರಿಸಿ ಮಾಡಿದ್ದು. ಇದನ್ನು ಫೋನಿನ ಸ್ಪೀಕರಿನಲ್ಲಿ ಕೇಳಿದವರಿಗೆ ಸಿಗುವುದು ಚಿಕ್ ಚಿಕ್ ಸದ್ದು, ನಡುನಡುವೆ ಎಲ್ಲಿಂದಲೋ ತೇಲಿ ಬರುವ ಅರ್ಧ ಮಾತು. ಹಾಡಿನ ದೇಹವೇ ಕೇಳಿಸಿರುವುದಿಲ್ಲ. ಆಮೇಲೆ "ಏನೂ ಇಲ್ಲವಲ್ಲ ಇದರಲ್ಲಿ" ಅಂದರೆ ತಪ್ಪು ಅವರದ್ದಲ್ಲ.

ಹಂತ 3: ಕೊಂಡಿ ಹುಡುಕಿ

ಅಸಲಿ ಕೆಲಸ ಇದು. ಅವರು ಕಾಯುವ ಜಾಗ ಯಾವುದೋ ಅದೇ ಜಾಗ ಇನ್ನೊಂದು ಶೈಲಿಯಲ್ಲಿ ಎಲ್ಲಿದೆ ಅಂತ ಹುಡುಕಬೇಕು. ಎರಡೂ ಕಡೆ ಸಮಾನವಾಗಿರುವ ಆ ಒಂದು ಅಂಶವನ್ನು ನಾನು ಕೊಂಡಿ ಅನ್ನುತ್ತೇನೆ. ಒಂದು ಸಾಕು. ಮಿಕ್ಕಿದ್ದೆಲ್ಲ ಹೊಸದಾಗಿರಲಿ.

ರಾಗ ಕೇಳುವವರಿಗೆ ಜಾಝ್ ಕಳಿಸಬೇಕು ಅಂದುಕೊಳ್ಳಿ. ಜಾಝ್‌ನಲ್ಲಿ ಸಾಮಾನ್ಯವಾಗಿ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಂಪುಗಳು, ಬಹಳ ಬೇಗ ಬೇಗ ಬದಲಾಗುತ್ತವೆ. ಒಂದೇ ಷಡ್ಜಕ್ಕೆ (ಆಧಾರದ 'ಸ' ಸ್ವರಕ್ಕೆ) ಒಗ್ಗಿದ ಕಿವಿಗೆ ಇದು ತಲೆ ತಿರುಗಿಸುತ್ತದೆ. ಆದರೆ ಮೋಡಲ್ ಜಾಝ್ ಅಂತ ಒಂದು ದಾರಿ ಇದೆ. ಕಾರ್ಡ್‌ಗಳನ್ನು ಪದೇ ಪದೇ ಬದಲಿಸದೆ, ಒಂದೇ ಸ್ವರಶ್ರೇಣಿಯ ಮೇಲೆ ನಿಂತು ಮನೋಧರ್ಮ, ಅಂದರೆ ಆಗಿಂದಾಗಲೇ ಕಲ್ಪಿಸಿ ನುಡಿಸುವುದನ್ನು, ಬೆಳೆಸುವುದು. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 1959ರ 'ಕೈಂಡ್ ಆಫ್ ಬ್ಲೂ' ಆಲ್ಬಮ್ ಇದಕ್ಕೆ ಹೆಸರುವಾಸಿ. ಅದರ ಮೊದಲ ಟ್ರ್ಯಾಕ್ 'ಸೋ ವಾಟ್' ಡಿ ಡೋರಿಯನ್ ಅನ್ನುವ ಶ್ರೇಣಿಯಲ್ಲಿದೆ. ಡಿ ಸ್ವರವನ್ನು ಷಡ್ಜ ಮಾಡಿಕೊಂಡರೆ ಅದರ ಸ್ವರಗಳು ಕರ್ನಾಟಕ ಸಂಗೀತದ ಖರಹರಪ್ರಿಯ ರಾಗದ ಸ್ವರಗಳೇ. ಹಿಂದೂಸ್ತಾನಿ ಕೇಳುವವರಿಗೆ ಕಾಫಿ ಥಾಟ್ (ಅಲ್ಲಿ ಸ್ವರಶ್ರೇಣಿಗೆ ಥಾಟ್ ಅನ್ನುತ್ತಾರೆ) ಅಂದರೆ ಆಯಿತು. 32 ಬಾರ್‌ಗಳ ಒಂದು ಸುತ್ತಿನಲ್ಲಿ (ಇಲ್ಲಿ ಬಾರ್ ಅಂದರೆ ನಾಲ್ಕು ಎಣಿಕೆ) ಮೊದಲ 16 ಇದೇ ಶ್ರೇಣಿ. ಮುಂದಿನ 8ರಲ್ಲಿ ಇಡೀ ಶ್ರೇಣಿಯೇ ಅರ್ಧ ಸ್ವರ ಮೇಲಕ್ಕೆ ಜರುಗುತ್ತದೆ. ಕೊನೆಯ 8ಕ್ಕೆ ವಾಪಸ್ಸು. ರಾಗ ಕೇಳುವವರಿಗೆ ಆ ಜರುಗುವ ಜಾಗವೇ ದೊಡ್ಡ ಬೆರಗು, ಯಾಕಂದರೆ ಷಡ್ಜವೇ ಎದ್ದು ಹೋಗುವುದನ್ನು ಅವರು ಕೇಳಿರುವುದು ಅಪರೂಪ.

ಹಾಗಂತ "ಇದು ಖರಹರಪ್ರಿಯ ರಾಗ" ಅಂತ ಮಾತ್ರ ಬರೆಯಬೇಡಿ. ಸ್ವರಗಳು ಒಂದೇ ಆದರೂ ರಾಗದ ಸಂಚಾರ (ಸ್ವರಗಳು ನಡೆಯುವ ದಾರಿ), ಗಮಕ (ಸ್ವರವನ್ನು ಅಲುಗಿಸುವ ಬಗೆ) ಅಲ್ಲಿಲ್ಲ. ಹಾಗೆ ಬರೆದರೆ ಅವರು ರಾಗ ಹುಡುಕಿಕೊಂಡು ಕೂರುತ್ತಾರೆ. ಸಿಗುವುದಿಲ್ಲ.

ತಾಳವೂ ಒಳ್ಳೆಯ ಕೊಂಡಿ. ಮೆಟಲ್ ಪ್ರಿಯರಿಗೆ ಶಾಸ್ತ್ರೀಯ ಸಂಗೀತ ಅಂದರೆ ನಿಧಾನ, ಭಕ್ತಿ, ನಿದ್ದೆ ಅನ್ನುವ ಕಲ್ಪನೆ ಇರಬಹುದು. ಅವರಿಗೆ ಆಲಾಪನೆ ಕಳಿಸಬೇಡಿ. ಸ್ವೀಡನ್ನಿನ ಮೆಟಲ್ ತಂಡ ಮೆಶುಗಾವನ್ನು ಅವರು ಕೇಳುತ್ತಾರಾ ಅಂತ ವಿಚಾರಿಸಿ. ಆ ತಂಡದಲ್ಲಿ ಮೇಲೆ ಸಿಂಬಲ್ ನಾಲ್ಕರ ಎಣಿಕೆ ಹಿಡಿದಿರುತ್ತದೆ, ಕೆಳಗೆ ಗಿಟಾರ್ ಮತ್ತು ಕಿಕ್ ಡ್ರಮ್ ಬೆಸ ಅಳತೆಯ ತುಣುಕುಗಳನ್ನು ಸುತ್ತಿಸುತ್ತಾ ಹೋಗುತ್ತವೆ. ಎರಡೂ ಮತ್ತೆ ಒಂದು ಕಡೆ ಕೂಡುವ ಕ್ಷಣಕ್ಕೆ ಕೇಳುಗ ಕಾಯುತ್ತಿರುತ್ತಾನೆ. ಮೃದಂಗದ ತನಿ ಆವರ್ತನದಲ್ಲಿ (ಕಛೇರಿಯಲ್ಲಿ ತಾಳವಾದ್ಯಕ್ಕೇ ಬಿಟ್ಟ ಭಾಗ) ಕೋರ್ವೈ ಮಾಡುವುದೂ ಇದನ್ನೇ, ಅಲ್ವಾ? ಕೈಯಲ್ಲಿ ತಾಳ ನಡೆಯುತ್ತಿರುತ್ತದೆ, ಮೇಲೆ ಲೆಕ್ಕಾಚಾರದ ತುಣುಕು ಮೂರು ಸಲ ಬಂದು ಸರಿಯಾದ ಜಾಗಕ್ಕೆ ಬೀಳುತ್ತದೆ. ಹಾಗಾಗಿ ಅವರಿಗೆ ಒಂದು ಕೊನ್ನಕ್ಕೋಲ್ ತುಣುಕು ಕಳಿಸಿ, ಅಂದರೆ ತಾಳದ ಸೊಲ್ಲುಗಳನ್ನು ಬಾಯಲ್ಲೇ ಹೇಳುವುದು. ತಾಳ ಹಾಕುವ ಕೈ ಕಾಣುವ ವಿಡಿಯೋ ಆದರೆ ಇನ್ನೂ ಒಳ್ಳೆಯದು. ಆ ಕೈ ನೋಡದೆ ಲೆಕ್ಕ ಹಿಡಿಯುವುದು ಹೊಸಬರಿಗೆ ಕಷ್ಟ.

ಕೆಲವು ಕೊಂಡಿಗಳು ಇತಿಹಾಸದಲ್ಲೇ ಇವೆ, ಹುಡುಕಿದರೆ ಸಾಕು. ಅಮೆರಿಕದ ಮಿನಿಮಲಿಸಂ ಸಂಗೀತಗಾರ ಟೆರ್ರಿ ರೈಲಿ ಹಿಂದೂಸ್ತಾನಿಯ ಕಿರಾನಾ ಘರಾನೆಯ (ಒಂದು ಗಾಯನ ಪರಂಪರೆ) ಪಂಡಿತ್ ಪ್ರಾಣನಾಥರ ಶಿಷ್ಯರು. ಹಾಗಾಗಿ ತಂಬೂರಿಯ ನಾದದಲ್ಲೇ ಸುಖ ಕಾಣುವವರಿಗೆ ಪಾಶ್ಚಾತ್ಯ ಮಿನಿಮಲಿಸಂ ಅಷ್ಟೇನೂ ದೂರವಲ್ಲ. ಸಣ್ಣ ತುಣುಕುಗಳನ್ನು ಬಹಳ ಹೊತ್ತು ಮರುಕಳಿಸುತ್ತಾ ನಿಧಾನವಾಗಿ ಬದಲಿಸುವ ಸಂಗೀತ ಅದು. ಇನ್ನು ಹಿಪ್‌ಹಾಪ್ ಮತ್ತು ಎಲೆಕ್ಟ್ರಾನಿಕ್ ಕೇಳುವವರ ನಡುವೆ ಸ್ಯಾಂಪಲ್‌ಗಳೇ ಕೊಂಡಿ. ಸ್ಯಾಂಪಲ್ ಅಂದರೆ ಹಳೆಯ ಧ್ವನಿಮುದ್ರಣದ ಚೂರನ್ನು ಎತ್ತಿ ಹೊಸದರಲ್ಲಿ ಬಳಸುವುದು. ದಿ ವಿನ್‌ಸ್ಟನ್ಸ್ ತಂಡದ 1969ರ 'ಅಮೆನ್, ಬ್ರದರ್'ನಲ್ಲಿ ಬರುವ ಕೆಲವೇ ಸೆಕೆಂಡಿನ ಡ್ರಮ್ಸ್ ತುಣುಕು ಲೆಕ್ಕವಿಲ್ಲದಷ್ಟು ಹಿಪ್‌ಹಾಪ್ ಹಾಡುಗಳಲ್ಲಿದೆ. 1990ರ ದಶಕದ ಜಂಗಲ್, ಡ್ರಮ್ ಅಂಡ್ ಬಾಸ್ ಅನ್ನುವ ಎಲೆಕ್ಟ್ರಾನಿಕ್ ಶೈಲಿಗಳಂತೂ ಅದನ್ನೇ ಕತ್ತರಿಸಿ ಜೋಡಿಸಿ ಬೆಳೆದವು. ಹೂ ಸ್ಯಾಂಪಲ್ಡ್ ಅನ್ನುವ ತಾಣದಲ್ಲಿ ಯಾವ ಹಾಡು ಯಾವುದರಿಂದ ಏನು ಎತ್ತಿಕೊಂಡಿದೆ ಅಂತ ಹುಡುಕಬಹುದು.

ಇಲ್ಲಿ ಎಲ್ಲರೂ ಬೀಳುವ ಒಂದು ಗುಂಡಿ ಇದೆ: ಫ್ಯೂಷನ್. ಎರಡು ಶೈಲಿ ಬೆರೆಸಿದ್ದನ್ನು ಕಳಿಸಿಬಿಟ್ಟರೆ ಆಯಿತು ಅನಿಸುತ್ತದೆ. ಚೆನ್ನಾಗಿರುವ ಫ್ಯೂಷನ್ ಇಲ್ಲ ಅಂತಲ್ಲ. ಜಾನ್ ಮೆಕ್‌ಲಾಫ್ಲಿನ್, ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಒಟ್ಟಾಗಿ ಜಾಝ್ ಮತ್ತು ಭಾರತೀಯ ಶಾಸ್ತ್ರೀಯ ಬೆರೆಸಿ ನುಡಿಸಿದ 1970ರ ದಶಕದ ಶಕ್ತಿ ತಂಡವನ್ನು ಯಾರಿಗೆ ಬೇಕಾದರೂ ಕೊಡಬಹುದು. ಆದರೆ ಅಲ್ಲಿಗೆ ನಿಲ್ಲಿಸಬೇಡಿ. ಫ್ಯೂಷನ್ ಇಷ್ಟಪಟ್ಟವರು ಫ್ಯೂಷನ್ನನ್ನೇ ಇಷ್ಟಪಟ್ಟಿರುತ್ತಾರೆ. ಅದರ ಎರಡು ತವರುಗಳಲ್ಲಿ ಒಂದನ್ನೂ ಅಲ್ಲ. ನನ್ನ ಪ್ರಕಾರ, ಅಪ್ಪಟವಾದದ್ದನ್ನೇ ಆರಿಸಿ, ಅದರಲ್ಲಿ ಅವರಿಗೆ ಒಗ್ಗುವ ಬಾಗಿಲು ತೋರಿಸುವುದು ಹೆಚ್ಚು ಕೆಲಸ ಮಾಡುತ್ತದೆ.

ಹಂತ 4: ಒಂದೇ ಒಂದು ಆರಿಸಿ

ಐವತ್ತು ಹಾಡಿನ ಪ್ಲೇಲಿಸ್ಟ್ ಕಳಿಸಿದರೆ ಯಾರೂ ಕೇಳುವುದಿಲ್ಲ. ನೀವೂ ಕೇಳುವುದಿಲ್ಲ. ಒಂದು ಕಳಿಸಿ. ಅದು ಆ ಶೈಲಿಯ ಅತಿ ಪ್ರಸಿದ್ಧ ಕೃತಿ ಆಗಿರಬೇಕಿಲ್ಲ, ಅತಿ ಶ್ರೇಷ್ಠವೂ ಆಗಬೇಕಿಲ್ಲ. ನಿಮ್ಮ ಕೊಂಡಿ ಅದರಲ್ಲಿ ಸ್ಪಷ್ಟವಾಗಿ ಕೇಳಿಸಬೇಕು, ಅಷ್ಟೆ.

ಉದ್ದ ನೋಡಿಕೊಳ್ಳಿ. ಹಿಂದೂಸ್ತಾನಿಯ ವಿಲಂಬಿತ ಖಯಾಲ್, ಅಂದರೆ ನಿಧಾನಗತಿಯ ಗಾಯನ, ಅರ್ಧ ಗಂಟೆ ದಾಟುವುದು ಮಾಮೂಲು. ಮೂರು ನಿಮಿಷದ ಹಾಡಿಗೆ ಒಗ್ಗಿದವರಿಗೆ ಅದನ್ನು ಕೊಡುವುದಾದರೆ ಇಂತಿಷ್ಟನೇ ನಿಮಿಷದಿಂದ ಇಂತಿಷ್ಟರವರೆಗೆ ಅಂತ ಹೇಳಿ. ನೈಜೀರಿಯಾದ ಫೆಲಾ ಕುಟಿ ಅವರ ಆಫ್ರೋಬೀಟ್ ಹಾಡುಗಳಲ್ಲಿ ದನಿ ಬರುವುದೇ ಹಲವು ಸಲ ನಿಮಿಷಗಟ್ಟಲೆ ವಾದ್ಯ ನುಡಿದ ಮೇಲೆ. ಇದು ಗೊತ್ತಿಲ್ಲದವರು ವಾದ್ಯಸಂಗೀತ ಅಂದುಕೊಂಡು ಮುಂದಕ್ಕೆ ಹೋಗಿಬಿಡುತ್ತಾರೆ. ಮೊದಲೇ ಹೇಳಿದರೆ ಕಾಯುತ್ತಾರೆ.

ಆ್ಯಪ್ ತೋರಿಸಿತು ಅಂತ ನೀವೇ ಪೂರ್ತಿ ಕೇಳದ್ದನ್ನು ದಾಟಿಸಬೇಡಿ. ಅದನ್ನು ಆ್ಯಪ್ ಅವರಿಗೂ ತೋರಿಸುತ್ತದೆ, ನಿಮ್ಮ ಅಗತ್ಯವಿಲ್ಲ.

ಹಂತ 5: ಯಾವ ಧ್ವನಿಮುದ್ರಣ ಅಂತ ಖಚಿತವಾಗಿ ಹೇಳಿ

ಬರೀ ಲಿಂಕ್ ಸಾಲದು. ಒಂದೊಂದು ದೇಶದಲ್ಲಿ ಒಂದೊಂದು ಹಾಡಿನ ಹಕ್ಕು ಒಬ್ಬೊಬ್ಬರ ಬಳಿ ಇರುತ್ತದೆ. ನಿಮಗೆ ತೆರೆಯುವ ಲಿಂಕ್ ಅವರಿಗೆ ತೆರೆಯದೇ ಇರಬಹುದು. ಲಿಂಕ್ ಜೊತೆಗೆ ಕಲಾವಿದರು, ಹಾಡು, ಆಲ್ಬಮ್, ವರ್ಷ, ಸ್ಟುಡಿಯೋದ್ದೋ ಲೈವ್ ಕಛೇರಿಯದ್ದೋ ಇಷ್ಟನ್ನೂ ಬರೆಯಿರಿ.

ಆವೃತ್ತಿ ಬಹಳ ಮುಖ್ಯ. ಮೇಲೆ ಹೇಳಿದ 'ಸೋ ವಾಟ್' ಅನ್ನೇ ಡೇವಿಸ್ 1960ರ ದಶಕದ ಲೈವ್ ಕಛೇರಿಗಳಲ್ಲಿ ಬಹಳ ಜೋರು ವೇಗದಲ್ಲಿ ನುಡಿಸಿದ್ದಾರೆ. ನೀವು ನಿಧಾನದ ಸುಖಕ್ಕೆ ಕಳಿಸಿದಿರಿ, ಅವರು ಹುಡುಕಿ ಆ ಲೈವ್ ಕೇಳಿದರು ಅಂದರೆ ಮಾತು ಎಲ್ಲೋ ಹೋಗುತ್ತದೆ. ರಾಗದ ವಿಷಯದಲ್ಲಂತೂ ಒಬ್ಬರೇ ಗಾಯಕರು ಅದೇ ರಾಗವನ್ನು ಹಲವು ಸಲ ಹಾಡಿರುತ್ತಾರೆ.

ಗೊಂದಲವಾದರೆ ಡಿಸ್ಕಾಗ್ಸ್ ಅಥವಾ ಮ್ಯೂಸಿಕ್‌ಬ್ರೇನ್ಜ್‌ನಲ್ಲಿ ನೋಡಿ. ಎರಡೂ ಬಳಕೆದಾರರೇ ಕಟ್ಟಿದ ಧ್ವನಿಮುದ್ರಣಗಳ ದೊಡ್ಡ ಪಟ್ಟಿಗಳು. ಐಎಸ್‌ಆರ್‌ಸಿ ಅಂತ ಒಂದು ಸಂಕೇತವೂ ಇದೆ. 12 ಅಕ್ಷರ ಮತ್ತು ಅಂಕಿಗಳದ್ದು, ಒಂದು ಧ್ವನಿಮುದ್ರಣಕ್ಕೆ ಒಂದು. ದಿನನಿತ್ಯದ ಹಂಚಿಕೆಗೆ ಅಷ್ಟು ಬೇಡ, ವಾದ ಬಂದಾಗ ಉಪಯೋಗಕ್ಕೆ ಬರುತ್ತದೆ.

ಅವರು ಬಳಸುವ ಸೇವೆ ಬೇರೆ ಆಗಿದ್ದರೆ ಒಡೆಸ್ಲಿಯಂಥ ತಾಣದಲ್ಲಿ ನಿಮ್ಮ ಲಿಂಕ್ ಹಾಕಿ. ಎಲ್ಲ ಸೇವೆಗಳ ಲಿಂಕ್ ಒಂದೇ ಪುಟದಲ್ಲಿ ಸಿಗುತ್ತದೆ. ಯೂಟ್ಯೂಬ್ ಆದರೆ ಕಂಪ್ಯೂಟರಿನಲ್ಲಿ ಶೇರ್ ಒತ್ತಿದಾಗ ಯಾವ ನಿಮಿಷದಿಂದ ಶುರುವಾಗಬೇಕು ಅಂತ ಗುರುತು ಹಾಕುವ ಆಯ್ಕೆ ಇದೆ. ಬಳಸಿಕೊಳ್ಳಿ. ಹಾಡಿನ ಫೈಲ್ ಕಳಿಸಲು ಹೋಗಬೇಡಿ. ಹಕ್ಕುಸ್ವಾಮ್ಯದ ತೊಂದರೆ ಒಂದು ಕಡೆ, ಗೊತ್ತಿಲ್ಲದವರಿಂದ ಬಂದ ಫೈಲನ್ನು ಬುದ್ಧಿ ಇರುವವರು ತೆರೆಯುವುದಿಲ್ಲ ಅನ್ನುವುದು ಇನ್ನೊಂದು ಕಡೆ.

ಹಂತ 6: ನಾಲ್ಕೈದು ಸಾಲು ಬರೆಯಿರಿ

ಯಾಕೆ, ಯಾವುದು, ಎಲ್ಲಿ ಕಿವಿ ಕೊಡಬೇಕು. ಇಷ್ಟೇ. ಹೀಗೆ:

"ಆಲಾಪದಲ್ಲಿ ಒಂದೊಂದೇ ಸ್ವರ ಬಿಚ್ಚುವುದು ಇಷ್ಟ ಅಂದಿದ್ದಿರಿ. ಅದಕ್ಕೇ ಇದು: ಮೈಲ್ಸ್ ಡೇವಿಸ್, 'ಸೋ ವಾಟ್', 'ಕೈಂಡ್ ಆಫ್ ಬ್ಲೂ', 1959, ಸ್ಟುಡಿಯೋದ್ದು, ಒಂಬತ್ತು ನಿಮಿಷ. ಶುರುವಿನಲ್ಲಿ ಪಿಯಾನೋ ಮತ್ತು ಬಾಸ್ ತಾಳವಿಲ್ಲದೆ ಏನೋ ಗುನುಗುತ್ತವೆ, ಅಲ್ಲಿ ಬಿಟ್ಟುಬಿಡಬೇಡಿ. ಆಮೇಲೆ ಬಾಸ್ ಪ್ರಶ್ನೆ ಕೇಳಿದ ಹಾಗೆ ನುಡಿಯುತ್ತದೆ, ಮಿಕ್ಕವರು ಚುಟುಕಾಗಿ ಉತ್ತರ ಕೊಡುತ್ತಾರೆ. ಸುಮಾರು ಒಂದೂವರೆ ನಿಮಿಷಕ್ಕೆ ಟ್ರಂಪೆಟ್ ಒಂದೇ ಮುಂದೆ ಬರುತ್ತದೆ. ಎಷ್ಟು ಕಡಿಮೆ ಸ್ವರ ಬಳಸುತ್ತಾರೆ ನೋಡಿ. ಇಯರ್‌ಫೋನ್ ಇದ್ದರೆ ಒಳ್ಳೆಯದು."

ಇದರಲ್ಲಿ "ಜಗತ್ತಿನ ಅತ್ಯುತ್ತಮ" ಅನ್ನುವ ಮಾತಿಲ್ಲ ಗಮನಿಸಿ. "ಇದನ್ನು ಕೇಳದಿದ್ದರೆ ಜೀವನ ವ್ಯರ್ಥ" ಅಂತಲೂ ಇಲ್ಲ. ಅಂಥ ಮಾತು ಓದಿದವರು ಹಾಡಿನ ಜೊತೆ ಜಗಳಕ್ಕೆ ಕೂತ ಹಾಗೆ ಕೇಳುತ್ತಾರೆ. ಸಾಹಿತ್ಯದಲ್ಲಿ ಬೈಗುಳ, ಹಿಂಸೆ ಇದ್ದರೆ ಅದನ್ನೂ ಒಂದು ಸಾಲಿನಲ್ಲಿ ಹೇಳಿ. ಆಫೀಸಿನಲ್ಲಿ ಸ್ಪೀಕರ್ ಹಾಕಿಕೊಂಡು ಕೇಳುವವರೂ ಇರುತ್ತಾರೆ. ನಿಮ್ಮದೇ ಹಾಡು ಅಥವಾ ಗೆಳೆಯರ ಹಾಡು ಆಗಿದ್ದರೆ ಮುಚ್ಚಿಡಬೇಡಿ.

ಹಂತ 7: ನಿಮ್ಮ ಸರದಿ ಬಂದಾಗ ಎರಡು ಸಲ ಕೇಳಿ

ಒಂದೇ ದಿನ ಬೇಡ. ಒಂದು ದಿನ ಬಿಟ್ಟು ಇನ್ನೊಮ್ಮೆ. ಮನಶ್ಶಾಸ್ತ್ರಜ್ಞ ರಾಬರ್ಟ್ ಜಾಯನ್ಸ್ 1968ರಲ್ಲೇ ತೋರಿಸಿದ್ದರು, ಪರಿಚಯ ಹೆಚ್ಚಿದಷ್ಟೂ ಒಂದು ವಸ್ತುವಿನ ಮೇಲಿನ ಒಲವೂ ಹೆಚ್ಚುತ್ತದೆ ಅಂತ. ಹೊಸ ಶೈಲಿಯಲ್ಲಿ ಮೊದಲ ಸಲ ಕಿವಿ ಬರೀ ದಾರಿ ಹುಡುಕುತ್ತಿರುತ್ತದೆ. ಎರಡನೇ ಸಲ ಮುಂದೇನು ಬರುತ್ತದೆ ಅನ್ನುವುದು ಅರ್ಧಂಬರ್ಧ ಗೊತ್ತಿರುತ್ತದೆ. ಸಂಗೀತದ ಸುಖದಲ್ಲಿ ದೊಡ್ಡ ಪಾಲು ಆ ನಿರೀಕ್ಷೆಯದ್ದೇ.

ಕೇಳುತ್ತಾ ನಿಮಿಷ ಗುರುತು ಹಾಕಿ. "3:20, ಇಲ್ಲಿ ಏನೋ ಆಯಿತು" ಅಂದರೂ ಸಾಕು. ಪದ ಆಮೇಲೆ ಹುಡುಕಬಹುದು.

"ನನ್ನ ಆ್ಯಪ್ ಪೂರಾ ಕೆಟ್ಟುಹೋಗುತ್ತದೆ, ನಾಳೆಯಿಂದ ಬರೀ ಇದನ್ನೇ ತೋರಿಸುತ್ತದೆ" ಅಂತ ಕೆಲವರು ಹೆದರುತ್ತಾರೆ. ಹೆದರಿಕೆ ಸುಮ್ನೆ ಅಲ್ಲ. ಸ್ಪಾಟಿಫೈನಲ್ಲಿ ಒಂದು ಪ್ಲೇಲಿಸ್ಟನ್ನು ರುಚಿಯ ಲೆಕ್ಕದಿಂದ ಹೊರಗಿಡುವ ಆಯ್ಕೆ ಇದೆ. ಬಂದ ಹಾಡುಗಳನ್ನೆಲ್ಲ ಅದರಲ್ಲಿ ಹಾಕಿ ಕೇಳಿ. ಯೂಟ್ಯೂಬ್‌ನಲ್ಲಿ ವೀಕ್ಷಣೆಯ ಇತಿಹಾಸವನ್ನು ತಾತ್ಕಾಲಿಕವಾಗಿ ನಿಲ್ಲಿಸಬಹುದು.

ಹಂತ 8: ನಿಜ ಹೇಳಿ, ಆದರೆ ಜಾಗ ತೋರಿಸಿ ಹೇಳಿ

"ಸೂಪರ್" ಅನ್ನುವ ಉತ್ತರದಿಂದ ಕಳಿಸಿದವರಿಗೆ ಏನೂ ತಿಳಿಯುವುದಿಲ್ಲ. "ನನಗಲ್ಲ ಇದು" ಅಂದರೂ ಅಷ್ಟೆ. ಎಲ್ಲಿ ಹಿಡಿಯಿತು, ಎಲ್ಲಿ ಕೈಬಿಟ್ಟಿತು ಅಂತ ಹೇಳಿ. "ಆ ಗುಡುಗುವ ದನಿ ಎರಡನೇ ಸಲವೂ ಒಗ್ಗಲಿಲ್ಲ. ಆದರೆ ನಾಲ್ಕನೇ ನಿಮಿಷದಲ್ಲಿ ಡ್ರಮ್ಸ್ ಒಂದೇ ಉಳಿಯುತ್ತದಲ್ಲ, ಅದನ್ನು ಮೂರು ಸಲ ಹಾಕಿಕೊಂಡೆ." ಇಂಥ ಉತ್ತರ ಬಂದರೆ ಮುಂದೆ ದನಿಯೇ ಇಲ್ಲದ ಮೆಟಲ್ ಕಳಿಸಬೇಕು ಅಂತ ಅವರಿಗೆ ತಕ್ಷಣ ಹೊಳೆಯುತ್ತದೆ. ಇಷ್ಟವಾಗದ ಹಾಡಿನಿಂದ ಸಿಗುವ ಸುಳಿವು ಇಷ್ಟವಾದದ್ದರಿಂದ ಸಿಗುವುದಕ್ಕಿಂತ ಜಾಸ್ತಿ.

ಶೈಲಿಯ ಹೆಸರಿನ ಮೇಲೆ ಜಗಳ ಶುರುವಾದರೆ ಅಲ್ಲಿಗೇ ಬಿಡಿ. "ಇದು ಜಾಝೇ ಅಲ್ಲ", "ನಿಜವಾದ ಸಂಗೀತ ಅಂದರೆ ನಮ್ಮದು" ಅನ್ನುವ ಮಾತುಗಳು ಹೊರಟ ಮೇಲೆ ಯಾರೂ ಹಾಡು ಕೇಳುವುದಿಲ್ಲ.

ಹಂತ 9: ನಾಲ್ಕಾರು ಜನರಾದ ಮೇಲೆ

ಹಂಚಿಕೆಯ ಪ್ಲೇಲಿಸ್ಟ್ ಒಂದು ಮಾಡಿ, ಅಂದರೆ ಎಲ್ಲರೂ ಹಾಡು ಸೇರಿಸಬಹುದಾದದ್ದು. ನಿಯಮ ಎರಡೇ ಇರಲಿ: ವಾರಕ್ಕೆ ಒಬ್ಬರಿಗೆ ಒಂದು ಹಾಡು, ಬೇರೆಯವರ ಹಾಡು ಅಳಿಸುವಂತಿಲ್ಲ. ಮೊದಲ ನಿಯಮ ಸಡಿಲವಾದರೆ ತಿಂಗಳೊಳಗೆ ಅದು ಯಾರೂ ತೆರೆಯದ ಗೋದಾಮು ಆಗುತ್ತದೆ. ಸಾಲುಗಳ ವಿವರಣೆ ಪ್ಲೇಲಿಸ್ಟಿನಲ್ಲಿ ಹಿಡಿಸುವುದಿಲ್ಲ, ಅದಕ್ಕೆ ಒಂದು ಸ್ಪ್ರೆಡ್‌ಶೀಟ್ ಇಡಿ: ಯಾರು, ಯಾರಿಗೆ, ಏನು, ಯಾಕೆ, ಉತ್ತರ ಏನು ಬಂತು. ಯಾರಾದರೂ ಸೇವೆ ಬದಲಿಸಿದರೆ ಸೌಂಡೀಝ್‌ನಂಥ ತಾಣಗಳಿಂದ ಪ್ಲೇಲಿಸ್ಟ್ ಸಾಗಿಸಬಹುದು. ಸಾಗಿಸಿದ ಮೇಲೆ ಒಂದೊಂದೂ ಸರಿಯಾದ ಆವೃತ್ತಿಯೇ ಅಂತ ನೋಡಿ. ಸ್ಟುಡಿಯೋದ ಜಾಗದಲ್ಲಿ ಲೈವ್, ಮೂಲದ ಜಾಗದಲ್ಲಿ ಇನ್ಯಾರೋ ಹಾಡಿದ್ದು ಬಂದು ಕೂತಿರುವುದು ಉಂಟು.

ಉತ್ತರವೇ ಬರದಿದ್ದರೆ? ಎರಡು ವಾರ ಕಾಯಿರಿ. "ಕೇಳಿದ್ರಾ?" ಅಂತ ದಿನಾ ಕೆದಕಬೇಡಿ. ಅದರ ಬದಲು ನೀವೇ ಅವರನ್ನು ಒಂದು ಹಾಡು ಕೇಳಿ: "ನಿಮ್ಮ ಶೈಲಿಯಲ್ಲಿ ನನ್ನಂಥವರಿಗೆ ಯಾವುದರಿಂದ ಶುರು ಮಾಡಿಸುತ್ತೀರಿ?" ಬೇರೆಯವರ ಹಾಡು ಕೇಳಲು ಸಮಯ ಸಿಗದವರಿಗೂ ತಮ್ಮ ಹಾಡು ಸೂಚಿಸಲು ಸಮಯ ಸಿಕ್ಕೇ ಸಿಗುತ್ತದೆ. ಅವರು ಕಳಿಸಿದ್ದನ್ನು ಎರಡು ಸಲ ಕೇಳಿ, ನಿಮಿಷ ಹಾಕಿ ಉತ್ತರ ಬರೆಯಿರಿ. ಹಳೆಯ ಲಿಂಕನ್ನು ಆ ಉತ್ತರದ ಕೆಳಗೆ ಇನ್ನೊಮ್ಮೆ ಅಂಟಿಸಬಹುದು.